ಪಾಠೀನ, ಬಾಳೆ, ವಲ್ಲಾಗೊ: ಒಂದು ಮೀನಿನ ಹೆಸರಿನ ಚರಿತ್ರೆ

ಭಾರತದ ಹೊಳೆಗಳಲ್ಲಿ ಮೀಸೆಯುಳ್ಳ ಮೀನುಗಳ ಕುಲ ಬಹು ದೊಡ್ಡದು. ಅವುಗಳಲ್ಲಿ ಹಳೆಯ ವಾಙ್ಮಯಕ್ಕೂ ಹೊಸ ಶಾಸ್ತ್ರಕ್ಕೂ ಸಮಾನವಾಗಿ ಪರಿಚಿತವಾದುದು ಕನ್ನಡಿಗರ ಬಾಳೆಮೀನು. ಮೈಮೇಲೆ ಹುರುಪೆಯಿಲ್ಲ, ಎರಡು ಜೊತೆ ಮೀಸೆ, ಕಣ್ಣನ್ನೂ ದಾಟಿ ಸೀಳಿದ ಬಾಯಿ, ಅದರ ತುಂಬ ಮೊನಚಾದ ಸಣ್ಣ ಹಲ್ಲು. ಒಂದು ಮೀಟರಿಗೂ ಮಿಕ್ಕಿ ಬೆಳೆಯಬಲ್ಲ ಇದು ಇತರ ಮೀನುಗಳನ್ನು ಬೇಟೆಯಾಡಿ ಬದುಕುತ್ತದೆ.

ಸಂಸ್ಕೃತದ ‘ಪಾಠೀನ’ವು ಇದೇ ಎಂದು ಕೋಶಕಾರರು ಗುರುತಿಸಿದ್ದಾರೆ. ಅಮರಕೋಶವು ಅದಕ್ಕೆ ‘ಸಹಸ್ರದಂಷ್ಟ್ರ’ವೆಂಬ ಪರ್ಯಾಯವನ್ನು ಕೊಡುತ್ತದೆ, ಬಾಳೆಯ ಬಾಯನ್ನು ಕಂಡವರಿಗೆ ಈ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಮನುಸ್ಮೃತಿಯು ಹವ್ಯಕವ್ಯಗಳಿಗೆ ಸಲ್ಲುವ ಮೀನುಗಳಾಗಿ ಪಾಠೀನ, ರೋಹಿತಗಳನ್ನು ಹೆಸರಿಸಿದೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೇ ಒಂದು ಪ್ರಕರಣವುಂಟು. ಅಲ್ಲಿ ಮೀನುಗಳನ್ನು ಹುರುಪೆಯುಳ್ಳವು, ಇಲ್ಲದವು ಎಂದು ವಿಂಗಡಿಸಿರುವುದು ಗಮನಾರ್ಹ.

ದೇಶ್ಯಪದದ ಕಥೆ ಬೇರೆ. ತಮಿಳಿನ ‘ವಾಳೈ’, ಮಲೆಯಾಳದ ‘ವಾಳ’, ಕನ್ನಡದ ‘ಬಾಳೆ’ ಒಂದೇ ಬಳ್ಳಿಯ ಕುಡಿಗಳು. ವಕಾರವು ಬಕಾರವಾಗುವುದು ಕನ್ನಡದ ರೂಢಿ. ಕದಳಿಯ ಅರ್ಥದ ಪದ ಹಳಗನ್ನಡದಲ್ಲಿ ‘ಬಾೞೆ’. ಮೀನಿನ ಪದ ‘ಬಾಳೆ’. ಱೞಗಳು ಮರೆಯಾದ ಮೇಲೆ ಹಣ್ಣೂ ಮೀನೂ ಒಂದೇ ಹೆಸರಿನವಾದವು. ತಮಿಳಿನಲ್ಲಿ ಈ ಭೇದ ಇಂದಿಗೂ ಬರಹದಲ್ಲಿ ಉಳಿದಿದೆ.

1801ರಲ್ಲಿ ಬ್ಲಾಖ್ ಮತ್ತು ಷ್ನೈಡರರ ಗ್ರಂಥವು ಮಲಬಾರಿನ ಈ ಮೀನನ್ನು ‘ಸೈಲ್ಯೂರಸ್ ಅಟ್ಟು’ ಎಂದು ಕರೆಯಿತು. ‘ಆಟ್ಟುವಾಳ’ ಎಂದರೆ ಆಱಿನ, ಎಂದರೆ ಹೊಳೆಯ, ವಾಳೆ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, 1822ರ ತನ್ನ ಗಂಗಾಮತ್ಸ್ಯಗ್ರಂಥದಲ್ಲಿ ಬಂಗಾಳದ ‘ಬೋಆಲ್’ ಎಂಬುದರಿಂದ ಇದಕ್ಕೆ ‘ಬೋಆಲಿಸ್’ ಎಂದು ಹೆಸರಿಟ್ಟನು. ಮೊದಲು ಪ್ರಕಟವಾದ ಹೆಸರೇ ಮಾನ್ಯವೆಂಬ ನಿಯಮದಂತೆ ತೆಂಕಣದ ಹೆಸರು ನಿಂತಿತು. 1851ರಲ್ಲಿ ಬ್ಲೀಕರನು ‘ವಲ್ಲಾಗೊ’ ಎಂಬ ಕುಲನಾಮವನ್ನು ಸ್ಥಾಪಿಸಿದನು. ಅದೂ ದಕ್ಷಿಣದ ಆಡುಮಾತಿನಿಂದ ಬಂದದ್ದೇ. ಹೀಗೆ ಲ್ಯಾಟಿನ್ ವೇಷದ ‘ವಲ್ಲಾಗೊ ಅಟ್ಟು’ ಎಂಬುದು ದ್ರಾವಿಡ ಬೆಸ್ತರ ಮಾತು. ಗ್ರಂಥಕರ್ತರ ಹೆಸರು ಉಳಿದಿದೆ. ಆ ಮಾತನ್ನು ಹೇಳಿಕೊಟ್ಟವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಇಂದು ಈ ಮೀನು ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಅಪಾಯಕ್ಕೀಡಾಗಬಲ್ಲ ಜಾತಿಗಳ ಸಾಲಿಗೆ ಸೇರಿದೆ. ಮಿತಿಮೀರಿದ ಮೀನುಗಾರಿಕೆ, ಕೆಟ್ಟ ನೀರು ಇದಕ್ಕೆ ಕಾರಣಗಳು. ನಗರವಾಸಿ ಕನ್ನಡಿಗನಿಗೆ ‘ಬಾಳೆ’ ಎಂದರೆ ಈಗಾಗಲೇ ಹಣ್ಣು ಮಾತ್ರ. ಹೊಳೆಯಿಂದಲೂ ಮೀನು ಮರೆಯಾದರೆ, ಹಳೆಯ ಕಾವ್ಯಗಳಲ್ಲಿ ನೀರಿನಲ್ಲಿ ಹೊಳೆಯುವ ಬಾಳೆ ಯಾವುದೆಂದು ಹೇಳುವವರೇ ಇಲ್ಲವಾಗುವರು.