ಬಯಲು ಬಂಜರಲ್ಲ: ಅಮೃತ ಮಹಲ್ ಕಾವಲುಗಳು ಕಲಿಸುವ ಪಾಠ

ಅಮೃತ ಮಹಲ್ ಕಾವಲುಗಳು ಮೈಸೂರು ಅರಸರ ಕಾಲದಲ್ಲಿ ಸರ್ಕಾರಿ ದನಗಳ ಮೇವಿಗೆಂದು ಕಾಯ್ದಿರಿಸಿದ ಹುಲ್ಲುಗಾವಲುಗಳು. ಚಿತ್ರದುರ್ಗ, ಚಿಕ್ಕಮಗಳೂರು, ತುಮಕೂರು, ಹಾಸನ ಜಿಲ್ಲೆಗಳ ಒಣಸೀಮೆಯಲ್ಲಿ ಇವು ಹರಡಿವೆ. ಚಿಕ್ಕಜಾಜೂರು ಜಂಕ್ಷನ್ನಿನಿಂದ ಬೀರೂರಿನ ಕಡೆಗೆ ಹೊರಟ ರೈಲು ಹೊಸದುರ್ಗ ರೋಡ್ ದಾಟಿ ತಲುಪುವ ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿಯ ಸಂವರ್ಧನಾ ಕೇಂದ್ರ ಈಗಲೂ ಇದೆ. ಹವಾಮಾನ ಬದಲಾವಣೆಗೆ ಗಿಡ ನೆಡುವುದೇ ಮದ್ದು ಎಂಬ ನಂಬಿಕೆಯನ್ನು ಒರೆಗೆ ಹಚ್ಚಲು ಈ ಕಾವಲುಗಳ ಇತಿಹಾಸಕ್ಕಿಂತ ಒಳ್ಳೆಯ ಸಾಕ್ಷ್ಯ ಈ ಸೀಮೆಯಲ್ಲಿ ಸಿಗದು.

1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ಹಾಲು ಬೆಣ್ಣೆಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯನ್ನು ನಡೆಸಿದರು. ಹೈದರಾಲಿ ಇದೇ ದನಗಳನ್ನು ಫಿರಂಗಿ, ಸಾಮಾನು ಎಳೆಯಲು ಬಳಸಿದ. ಟಿಪ್ಪು ಸುಲ್ತಾನ್ ಇಲಾಖೆಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟ. 1799ರ ನಂತರ ದನಗಳು ಬ್ರಿಟಿಷ್ ಸೇನೆಯ ಕೆಲಸಕ್ಕೆ ಬಂದವು. 1860ರಲ್ಲಿ ಮಂದೆಯನ್ನು ಮಾರಿ ಇಲಾಖೆಯನ್ನು ಮುಚ್ಚಿದ ಸರ್ಕಾರ, ಒಳ್ಳೆಯ ಎತ್ತುಗಳ ಅಭಾವ ಕಂಡು 1866ರಲ್ಲಿ ಅದನ್ನು ಮತ್ತೆ ಕಟ್ಟಿತು.

ಈ ವ್ಯವಸ್ಥೆಯ ಜಾಣ್ಮೆ ಇದ್ದದ್ದು ಕಾವಲುಗಳ ವಿಂಗಡಣೆಯಲ್ಲಿ. ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆ ಕಾವಲು ಎಂದು ಮೂರು ಬಗೆ. ಬೇಸಿಗೆ ಕಾವಲುಗಳಿಗೆ ನೀರು, ನೆರಳು ಮತ್ತು ಕೆರೆಯಂಗಳದ ಹಸಿರು ಇರುವ ಜಾಗಗಳನ್ನೇ ಆರಿಸುತ್ತಿದ್ದರು. ಋತು ತಿರುಗಿದಂತೆ ಮಂದೆಯೂ ಕಾವಲಿನಿಂದ ಕಾವಲಿಗೆ ಹೊರಡುತ್ತಿತ್ತು. ಒಂದೆಡೆ ದನ ಮೇಯುವಾಗ ಮತ್ತೊಂದೆಡೆ ಹುಲ್ಲು ಚಿಗುರಿ, ಬೀಜ ಕಟ್ಟಿ, ಉದುರಿಸುತ್ತಿತ್ತು. ಮಳೆ ನೆಚ್ಚುವಂತಿಲ್ಲದ ಸೀಮೆಯಲ್ಲಿ ಬರವನ್ನು ತಾಳಿಕೊಳ್ಳಲು ಜನ ಕಂಡುಕೊಂಡ ದಾರಿ ಇದು. ಕುರಿ ಮಂದೆಯೊಂದಿಗೆ ಅಲೆಯುವ ಕಾಡುಗೊಲ್ಲರು ಮತ್ತು ಕುರುಬರು, ಕಿಲಾರಿಗಳೆಂಬ ದನಗಾಹಿಗಳ ಕಾಪಿನಲ್ಲಿ ‘ದೇವರ ಎತ್ತು’ಗಳನ್ನು ಸಾಕುವ ಮ್ಯಾಸಬೇಡರು ಇದೇ ತಿಳಿವಳಿಕೆಯ ಮೇಲೆ ಬದುಕು ಕಟ್ಟಿಕೊಂಡರು.

ಮರ ನೆಡುವುದು ಆ ಕಾಲಕ್ಕೂ ಪುಣ್ಯದ ಕೆಲಸವಾಗಿತ್ತು. ಆದರೆ ಮರಕ್ಕೆ ಅದರದೇ ಜಾಗವಿತ್ತು. ಊರಿನ ಗುಂಡುತೋಪಿನಲ್ಲಿ ಮಾವು, ಹಿಪ್ಪೆ, ಹೊಂಗೆ, ಹುಣಸೆ, ದಾರಿಯುದ್ದಕ್ಕೂ ಸಾಲುಮರ, ಅರಳಿಕಟ್ಟೆಯಲ್ಲಿ ಅರಳಿ, ಬೇವು. ಹುಲ್ಲಿನ ಬಯಲನ್ನು ಮಾತ್ರ ಬಯಲಾಗಿಯೇ ಬಿಟ್ಟಿದ್ದರು.

ಈ ಭೇದ ಅಳಿಸಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಕಂದಾಯದ ಕಣ್ಣಿಗೆ ತೆರಿಗೆ ತಾರದ ಹುಲ್ಲುಗಾವಲು ಪಾಳುಭೂಮಿ, ಅರಣ್ಯ ಇಲಾಖೆಯ ಕಣ್ಣಿಗೆ ಮರ ಕಳೆದುಕೊಂಡ ಕಾಡು. ಒಂದು ಕಾಲಕ್ಕೆ 4 ಲಕ್ಷ ಎಕರೆ ಮೀರಿದ್ದ ಕಾವಲು ಸಾಗುವಳಿಗೆ, ವಸತಿಗೆ, ನೆಡುತೋಪಿಗೆ ಹಂಚಿಹೋಗಿ ಒಂದು ಲಕ್ಷ ಎಕರೆಗಿಂತ ಕೆಳಗಿಳಿದಿದೆ. ಟಿಪ್ಪುವಿನ ಕಾಲದಲ್ಲಿ ನಂದಿಬೆಟ್ಟಕ್ಕೆ ಬಂದ ನೀಲಗಿರಿ, 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಬಯಲುಸೀಮೆಯನ್ನೆಲ್ಲ ಆವರಿಸಿತು. ದನ ಮುಟ್ಟದ, ಬೇಗ ಬೆಳೆಯುವ ಈ ಮರ ಗುರಿಯ ಲೆಕ್ಕ ತುಂಬಿಸಲು ಸುಲಭವಾಗಿತ್ತು.

ಜನ ಸುಮ್ಮನಿರಲಿಲ್ಲ. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಯ ನೀಲಗಿರಿ ಸಸಿಗಳನ್ನು ಕಿತ್ತು ಹುಣಸೆ, ಮಾವಿನ ಬೀಜ ಬಿತ್ತಿದರು. 1984ರಲ್ಲಿ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿ, ಸುಮಾರು 75,000 ಎಕರೆ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟವು. 1987ರ ನವೆಂಬರ್ 14ರಂದು ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠ ಮತ್ತು ಸಂಗಡಿಗರು ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಸಿದರು. 1991ರಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಮುಚ್ಚಿತು. 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಅಷ್ಟರಲ್ಲಿ ಆಗಬೇಕಾದ ನಷ್ಟ ಆಗಿಹೋಗಿತ್ತು. ಕೃಷ್ಣಮೃಗ ಮತ್ತು ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೆ ಹೆಸರಾಗಿದ್ದ ರಾಣೆಬೆನ್ನೂರು ಅಭಯಾರಣ್ಯದ ಬಯಲನ್ನು ನೀಲಗಿರಿ ತುಂಬಿತು, ಎರ್ಲಡ್ಡು ಅಲ್ಲಿಂದ ಕಣ್ಮರೆಯಾಯಿತು.

ಹವಾಮಾನ ಬದಲಾವಣೆಯ ಚರ್ಚೆ ಅದೇ ಹಳೆಯ ಯೋಜನೆಗೆ ಹೊಸ ಸಮರ್ಥನೆ ಒದಗಿಸಿದೆ. ಪ್ಯಾರಿಸ್ ಒಪ್ಪಂದದ ಹೊತ್ತಿಗೆ, 2015ರಲ್ಲಿ, ಭಾರತವು 2030ರೊಳಗೆ ಅರಣ್ಯ ಮತ್ತು ಮರಗಳ ಮೂಲಕ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಹೀರುವ ಹೆಚ್ಚುವರಿ ಸಾಮರ್ಥ್ಯ ಬೆಳೆಸುವುದಾಗಿ ಮಾತು ಕೊಟ್ಟಿತು. ಗುರಿಯನ್ನು ಸಸಿಗಳ ಎಣಿಕೆಯಲ್ಲಿ ಅಳೆದಾಗ ಮೊದಲು ಕಣ್ಣಿಗೆ ಬೀಳುವುದು ಖಾಲಿ ಕಾಣುವ ಬಯಲು. ಆದರೆ ಒಣಸೀಮೆಯ ಹುಲ್ಲುಗಾವಲು ತನ್ನ ಇಂಗಾಲದ ಬಹುಪಾಲನ್ನು ಬೇರಿನಲ್ಲಿ, ಮಣ್ಣಿನಲ್ಲಿ ಇಟ್ಟುಕೊಂಡಿರುತ್ತದೆ. ಬೆಂಕಿ ಬಿದ್ದರೆ ಮರದ ಇಂಗಾಲ ಗಾಳಿಗೆ ಸೇರುತ್ತದೆ. ಹುಲ್ಲು ಸುಟ್ಟರೂ ಬೇರು ಉಳಿದು ಮಳೆಗೆ ಚಿಗುರುತ್ತದೆ. ಗುಂಡಿ ತೋಡಿ, ಜೆಸಿಬಿ ಹಾಯಿಸಿ ಸಸಿ ನೆಟ್ಟಾಗ ಮಣ್ಣಿನಲ್ಲಿದ್ದ ಇಂಗಾಲವೇ ಹೊರಬೀಳುತ್ತದೆ. ದಟ್ಟ ನೆಡುತೋಪು ಅಂತರ್ಜಲವನ್ನೂ ಹೀರುತ್ತದೆ. ಬೋರ್‌ವೆಲ್ಲುಗಳನ್ನು ನೆಚ್ಚಿದ ಹೊಳಲ್ಕೆರೆ, ಹೊಸದುರ್ಗದ ಅಡಕೆ ತೋಟಗಳಿಗೆ ಇದು ಸಣ್ಣ ಮಾತಲ್ಲ.

ಶುದ್ಧ ಇಂಧನದ ವಿಷಯದಲ್ಲೂ ಇದೇ ಪ್ರಶ್ನೆ ಏಳುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿವೆ; ಕಲ್ಲಿದ್ದಲನ್ನು ಬಿಡಲು ಅವು ಬೇಕೇ ಬೇಕು. ಆದರೆ ಚಳ್ಳಕೆರೆ ತಾಲ್ಲೂಕಿನ ಕಾವಲಿನಲ್ಲಿ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳ ಜೊತೆಗೆ ಸೌರ ವಿದ್ಯುತ್ ಯೋಜನೆಗೂ ಭೂಮಿ ಕೊಟ್ಟಾಗ ಕುರಿಗಾಹಿಗಳು, ಕಂಬಳಿ ನೇಕಾರರು ಮೇವಿನ ನೆಲೆ ಕಳೆದುಕೊಂಡರು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು.

ಕಾವಲಿನ ಇತಿಹಾಸ ಮರಕ್ಕೆ ವಿರೋಧಿಯಲ್ಲ. ಚಿತ್ರದುರ್ಗದ ಜೋಗಿಮಟ್ಟಿಯಂಥ ಕಾಡನ್ನು ಕಾಪಾಡಬೇಕು, ಅಳಿದ ಗುಂಡುತೋಪುಗಳನ್ನು ಮತ್ತೆ ಬೆಳೆಸಬೇಕು. ಹುಲ್ಲುಗಾವಲನ್ನು ಮಾತ್ರ ಬಂಜರು ಭೂಮಿಯ ಪಟ್ಟಿಯಿಂದ ತೆಗೆದು, ಕಾಡಿನಷ್ಟೇ ಬೆಲೆಯುಳ್ಳ ನೆಲವೆಂದು ಕಾನೂನಿನಲ್ಲಿ ಒಪ್ಪಬೇಕು. ಬಯಲುಸೀಮೆಯಲ್ಲಿ ಹವಾಮಾನದ ಕೆಲಸ ಸಸಿಗಳ ಲೆಕ್ಕದಿಂದಲ್ಲ, ನೆಲದ ಗುಣ ಅರಿಯುವುದರಿಂದ ಶುರುವಾಗಬೇಕು.