2051ರವರೆಗೆ ನಡೆಯಬೇಕಿದ್ದ ಲಿಂಕ್

ಸ್ಯಾಲರಿ ಸ್ಲಿಪ್ ಡೌನ್‌ಲೋಡ್ ಮಾಡುವಾಗ ಎರಡು ಮೂರು ಸಾಲು ಉದ್ದದ ಲಿಂಕ್ ಬರೋದನ್ನ ನೀವು ನೋಡಿರ್ತೀರಿ. ಅದರ ಬಾಲದಲ್ಲಿ 'ಎಕ್ಸ್‌ಪೈರ್ಸ್', 'ಸಿಗ್ನೇಚರ್' ಅನ್ನೋ ಪದಗಳಿರುತ್ತವೆ. ಕೋಡ್‌ನಲ್ಲಿ ಒಂದೇ ಸಾಲಲ್ಲಿ ಹುಟ್ಟೋ ಈ ಲಿಂಕಿನ ಇತಿಹಾಸ ಇವತ್ತಿನ ವಿಷಯ.

ಇದರ ಬೇರು 1996ರಲ್ಲಿದೆ. ಬೆಲ್ಲಾರೆ, ಕ್ಯಾನೆಟಿ, ಕ್ರಾವ್‌ಚಿಕ್ ಎಂಬ ಮೂವರು ಎಚ್‌ಮ್ಯಾಕ್ ವಿಧಾನವನ್ನು ಪ್ರಕಟಿಸಿದರು. ಒಂದು ಗುಟ್ಟಿನ ಕೀ, ಒಂದು ಸಂದೇಶ, ಎರಡನ್ನೂ ಸೇರಿಸಿದರೆ ಒಂದು ಸಹಿ. ಸಂದೇಶದ ಒಂದು ಅಕ್ಷರ ಬದಲಾದರೂ ಸಹಿ ತಾಳೆ ಆಗಲ್ಲ.

2006ರ ಮಾರ್ಚ್‌ನಲ್ಲಿ ಅಮೆಜಾನ್ ಎಸ್‌ತ್ರೀ ಬಂತು. ಅಲ್ಲಿಟ್ಟ ಪ್ರೈವೇಟ್ ಫೈಲನ್ನು ಅಮೆಜಾನ್ ಖಾತೆಯೇ ಇಲ್ಲದ ಗ್ರಾಹಕನಿಗೆ ಕೊಡೋದು ಹೇಗೆ? ನಮ್ಮ ಕೀ ಕೊಡೋ ಹಾಗಿಲ್ಲ. ಫೈಲಿನ ದಾರಿ ಮತ್ತು ಗಡುವನ್ನು ಸೇರಿಸಿ ಸಹಿ ಹಾಕಿ, ಲಿಂಕ್ ಕೊಡೋದೇ ಪರಿಹಾರ. ಅಮೆಜಾನ್ ಅದೇ ಲೆಕ್ಕ ಮತ್ತೆ ಮಾಡಿ, ಸಹಿ ತಾಳೆಯಾಗಿ ಗಡುವೂ ಮೀರಿರದಿದ್ದರೆ ಫೈಲ್ ಕೊಡುತ್ತೆ. ಬಸ್ ಕಂಡಕ್ಟರ್ ಹಾಗೆ: ಹೆಸರು ಕೇಳಲ್ಲ, ಟಿಕೆಟ್ ನೋಡ್ತಾನೆ.

ಇಲ್ಲೊಂದು ಸೂಕ್ಷ್ಮ ಇದೆ. ಲಿಂಕ್ ತಯಾರಾಗೋದು ನಮ್ಮ ಮಷೀನ್‌ನಲ್ಲೇ, ಅಮೆಜಾನನ್ನು ಕೇಳೋದೇ ಇಲ್ಲ. ಹಾಗಾಗಿ ಎಷ್ಟು ಲಿಂಕ್ ಹೊರಗಿವೆ ಅನ್ನೋ ಪಟ್ಟಿ ಅವರ ಬಳಿ ಇಲ್ಲ. ಒಂದನ್ನು ಮಾತ್ರ ರದ್ದು ಮಾಡೋ ಬಟನ್ನೂ ಇಲ್ಲ. ಕೀ ಬದಲಿಸಬೇಕು, ಇಲ್ಲವೇ ಅನುಮತಿ ಕಿತ್ತುಕೊಳ್ಳಬೇಕು.

ಹಳೇ ಸಹಿ ಪದ್ಧತಿಯಲ್ಲಿ ಗಡುವಿಗೆ ಮಿತಿಯೇ ಇರಲಿಲ್ಲ. ಹತ್ತು ವರ್ಷ ಹಾಕಿದರೂ ನಡೀತಿತ್ತು. ನಂತರದ 'ಸಿಗ್ನೇಚರ್ ವರ್ಷನ್ 4'ರಲ್ಲಿ ಮೂಲ ಕೀಯಿಂದ ನೇರವಾಗಿ ಸಹಿ ಹಾಕಲ್ಲ. ದಿನಾಂಕ, ರೀಜನ್, ಸೇವೆಯ ಹೆಸರು ಬೆರೆಸಿ ಹೊಸ ಕೀ ಮಾಡ್ತಾರೆ. ಆ ಕೀಯ ಆಯಸ್ಸೇ 7 ದಿನ, ಆದ್ದರಿಂದ ಲಿಂಕಿಗೂ ಗರಿಷ್ಠ 6,04,800 ಸೆಕೆಂಡ್. 2016ರ ಜೂನ್‌ನಲ್ಲಿ ಶುರುವಾದ ಮುಂಬೈ ರೀಜನ್ ಹೊಸ ಸಹಿಯನ್ನು ಮಾತ್ರ ಒಪ್ಪಿತು. ಹಳೇ ಲೈಬ್ರರಿ ಇಟ್ಕೊಂಡು ಸಿಂಗಾಪುರದಿಂದ ಮುಂಬೈಗೆ ಬಂದ ಕೋಡ್ ಎರರ್ ಕೊಡ್ತಿದ್ದದ್ದು ಅದಕ್ಕೇ.

ಮಿತಿ ಇಲ್ಲದಿದ್ದರೆ ಏನಾಗುತ್ತೆ? ಮೈಕ್ರೋಸಾಫ್ಟ್‌ನ ಅಜೂರ್‌ನಲ್ಲಿ ಇಂಥದ್ದೇ ಎಸ್‌ಎಎಸ್ ಟೋಕನ್ ಇದೆ. 2020ರ ಜುಲೈನಲ್ಲಿ ಅವರದೇ ಎಐ ಸಂಶೋಧಕರು ಕೆಲವು ಮಾಡೆಲ್‌ಗಳನ್ನು ಹಂಚಲು ಅಂಥ ಲಿಂಕೊಂದನ್ನು ಗಿಟ್‌ಹಬ್‌ನಲ್ಲಿ ಹಾಕಿದರು. ಅದು ಇಡೀ ಸ್ಟೋರೇಜ್ ಖಾತೆಯನ್ನೇ ತೆರೆದಿಟ್ಟಿತ್ತು, ಬರೆಯುವ, ಅಳಿಸುವ ಅನುಮತಿ ಸಮೇತ. 2021ರ ಅಕ್ಟೋಬರ್‌ಗೆ ಮುಗಿಯಬೇಕಿದ್ದ ಗಡುವನ್ನು 2051ಕ್ಕೆ ತಳ್ಳಿದರು. 2023ರ ಜೂನ್‌ನಲ್ಲಿ ವಿಝ್ ಕಂಪನಿ ಪತ್ತೆ ಮಾಡಿ ತಿಳಿಸಿತು, ಎರಡು ದಿನದಲ್ಲಿ ಟೋಕನ್ ರದ್ದಾಯಿತು. ಅಷ್ಟರಲ್ಲಿ ತೆರೆದಿದ್ದದ್ದು 38 ಟೆರಾಬೈಟ್. ಇಬ್ಬರು ಉದ್ಯೋಗಿಗಳ ಕಂಪ್ಯೂಟರ್ ಬ್ಯಾಕಪ್ ಕೂಡ ಅದರಲ್ಲಿತ್ತು.

ಗಮನಿಸಿ, ಯಾರೂ ಸಹಿಯನ್ನು ಮುರಿದಿರಲಿಲ್ಲ. 1996ರ ಗಣಿತ ಗಟ್ಟಿಯಾಗೇ ಇತ್ತು. ಎಡವಿದ್ದು ಎಷ್ಟು ಜಾಗ, ಏನು ಅನುಮತಿ, ಎಷ್ಟು ಹೊತ್ತು ಅನ್ನೋ ಮೂರು ಆಯ್ಕೆಗಳಲ್ಲಿ.

ಪೈಥಾನ್‌ನ ಬೋಟೋತ್ರೀಯಲ್ಲಿ ಗಡುವು ಬರೆಯದಿದ್ದರೆ 3,600 ಸೆಕೆಂಡ್ ಸಿಗುತ್ತೆ. ಒಂದು ಸ್ಯಾಲರಿ ಸ್ಲಿಪ್‌ಗೆ ನಾನು 300 ಕೊಡ್ತೀನಿ. ಲಿಂಕ್ ಸತ್ತರೆ ಗ್ರಾಹಕ ಇನ್ನೊಮ್ಮೆ ಕ್ಲಿಕ್ ಮಾಡ್ತಾನೆ, ಅಷ್ಟೇ. ಸಾಯದೇ ಉಳಿದ ಲಿಂಕ್ ಯಾವ ವಾಟ್ಸಾಪ್ ಗ್ರೂಪಿಗೆ ಹೋಗುತ್ತೋ ಹೇಳೋಕಾಗಲ್ಲ. ಮತ್ತೆ ಸಿಗೋಣ.