ಪೋಷಕ ಸಂತನೋ, ಮನೆದೇವರೋ?

ಮಾರ್ಚ್ 17 ಐರ್ಲೆಂಡಿನ ಪೋಷಕ ಸಂತ ಪ್ಯಾಟ್ರಿಕ್‌ನ ದಿನ ಎಂದು ಪತ್ರಿಕೆಯಲ್ಲಿ ಓದಿದ ಓದುಗರೊಬ್ಬರು, ಈ ಸಂತ ಪೋಷಿಸುವುದಾದರೂ ಯಾರನ್ನು ಎಂದು ಕೇಳಿ ಬರೆದಿದ್ದಾರೆ. ಪ್ರಶ್ನೆಯಲ್ಲಿ ತುಸು ತುಂಟತನವಿದ್ದರೂ ನ್ಯಾಯವಿದೆ. ಪೋಷಕ ಎಂಬ ಮಾತು ಕನ್ನಡದಲ್ಲಿ ಈಗಾಗಲೇ ಮೂರು ಕಡೆ ದುಡಿದು ದಣಿದಿದೆ. ಶಾಲೆಯ ಸಭೆಗೆ ಬಂದು ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಿಸಿ ಕೂರುವವರು ಪೋಷಕರು. ಸಿನಿಮಾದಲ್ಲಿ ನಾಯಕನ ಅಣ್ಣನಾಗಿ ಬಂದು ಮಧ್ಯಂತರಕ್ಕೆ ಮುಂಚೆ ಸಾಯುವವನು ಪೋಷಕ ನಟ. ಸಂಘದ ಆಮಂತ್ರಣ ಪತ್ರಿಕೆಯಲ್ಲಿ ಹೆಚ್ಚು ಹಣ ಕೊಟ್ಟವರು ಮಹಾಪೋಷಕರು. ಇವರ ನಡುವೆ ಒಬ್ಬ ಸಂತನನ್ನು ತಂದು ನಿಲ್ಲಿಸಿದರೆ ಅವನು ಸಂತರ ಸಾಲಿನಲ್ಲಿ ಎರಡನೇ ದರ್ಜೆಯ ಪಾತ್ರಧಾರಿಯಂತೆ ಕೇಳಿಸುವುದರಲ್ಲಿ ಆಶ್ಚರ್ಯವಿಲ್ಲ. ರಕ್ಷಕ ಸಂತ ಎಂದರೆ ಪೊಲೀಸ್ ಠಾಣೆಯ ನೆನಪಾಗುತ್ತದೆ. ನಮ್ಮ ಕ್ರೈಸ್ತರು ಬಳಸುವ ಪಾಲಕ ಸಂತ ಎಂಬುದು ಇವೆರಡಕ್ಕಿಂತ ಮೇಲು. ಚರ್ಚಿನೊಳಗೆ ಅದು ಸರಿಯಾಗಿಯೇ ಇದೆ. ಆದರೆ ಒಂದು ಊರಿಗೋ ಒಂದು ಚರ್ಚಿಗೋ ಪಾಲಕನಾಗುವುದು ಬೇರೆ, ಒಂದು ಇಡೀ ಜನಾಂಗದ ಗುರುತಾಗುವುದು ಬೇರೆ. ಜಾರ್ಜ್, ಆಂಡ್ರ್ಯೂ, ಡೇವಿಡ್, ಪ್ಯಾಟ್ರಿಕ್ ಈ ನಾಲ್ವರು ಬ್ರಿಟಿಷ್ ದ್ವೀಪಗಳಲ್ಲಿ ಮಾಡುವ ಎರಡನೆಯ ಕೆಲಸಕ್ಕೆ ಕನ್ನಡದಲ್ಲಿ ಹೊಸ ಪದ ಟಂಕಿಸಬೇಕಾಗಿಲ್ಲ ಎಂಬುದು ನನ್ನ ವಾದ. ಇರುವ ಪದ ಮನೆದೇವರು.

ಮನೆದೇವರು ಎಂಬ ಮಾತಿನ ಸ್ವಾರಸ್ಯವಿರುವುದು ಅದು ಹೇಳುವ ಸುಳ್ಳಿನಲ್ಲಿ. ಮನೆದೇವರು ಮನೆಯಲ್ಲಿರುವುದಿಲ್ಲ. ಬೆಂಗಳೂರಿನ ಒಂದು ಮನೆಯವರ ಮನೆದೇವರು ಮೈಲಾರದಲ್ಲಿ, ಪಕ್ಕದ ಮನೆಯವರದು ಸವದತ್ತಿಯಲ್ಲಿ, ಎದುರು ಮನೆಯವರದು ಬಿಳಿಗಿರಿರಂಗನ ಬೆಟ್ಟದಲ್ಲಿ. ಊರಲ್ಲೇ ಉಳಿದವರು ಊರದೇವರಿಗೆ ನಡೆದುಕೊಂಡರಾಯಿತು. ಊರು ಬಿಟ್ಟವರಿಗೆ ಮನೆದೇವರು ಬೇಕು. ನಿಮ್ಮ ಮನೆದೇವರು ಯಾವುದು ಎಂದು ಸಂಬಂಧ ಕುದುರಿಸುವಾಗ ಕೇಳುವವರಿಗೆ ನಿಮ್ಮ ಭಕ್ತಿಯ ಆಳ ತಿಳಿಯಬೇಕಾಗಿಲ್ಲ. ನೀವು ಎಲ್ಲಿಂದ ಬಂದವರು, ಯಾರ ಕಡೆಯವರು ಎಂಬುದಷ್ಟೇ ತಿಳಿಯಬೇಕು. ಬ್ರಿಟಿಷ್ ದ್ವೀಪಗಳ ಸಂತರು ರಾಷ್ಟ್ರದ ಸಂತರಾದದ್ದು ಹೀಗೆಯೇ: ಊರಲ್ಲಿ ಉಳಿದವರಿಗಿಂತ ಊರು ಬಿಟ್ಟವರ ಕೈಯಲ್ಲಿ.

ಇಲ್ಲಿ ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯ ಬಳಿ ಸ್ವಲ್ಪ ನಿಲ್ಲಬೇಕು. ನಾವು ಇದನ್ನು ಸದಾ ದೂರಿನ ದನಿಯಲ್ಲೇ ಹೇಳುತ್ತೇವೆ. ಊರಿನ ಗವಾಯಿಗೆ ಊರಿನ ಜಾತ್ರೆಯಲ್ಲಿ ಕಛೇರಿ ಸಿಗಲಿಲ್ಲವೆಂದರೆ ಈ ಗಾದೆ, ಮನೆಯ ಮಗನ ಸಲಹೆಗೆ ಬೆಲೆಯಿಲ್ಲವೆಂದರೆ ಈ ಗಾದೆ. ಆದರೆ ಗಾದೆಯ ಕೊನೆಯ ಮಾತನ್ನು ನೋಡಿ. ಅದು ಮದ್ದಿಲ್ಲ ಎನ್ನುವುದಿಲ್ಲ, ಮದ್ದಲ್ಲ ಎನ್ನುತ್ತದೆ. ಇಲ್ಲ ಎಂದಿದ್ದರೆ ಗಿಡದಲ್ಲಿ ಗುಣವೇ ಇಲ್ಲವೆಂದಾಗುತ್ತಿತ್ತು. ಅಲ್ಲ ಎಂದದ್ದರಿಂದ ಗುಣ ಹಾಗೇ ಉಳಿದು, ಮದ್ದು ಎಂಬ ಬಿರುದು ಮಾತ್ರ ಹೋಯಿತು. ಗಿಡ ಅದೇ, ಎಲೆ ಅದೇ, ನೋಡುವವನು ಹತ್ತಿರವಿದ್ದಾನೆ ಅಷ್ಟೆ. (ಅಲ್ಲ ಮತ್ತು ಇಲ್ಲಗಳ ನಡುವಿನ ಈ ಗೆರೆಯನ್ನು ಈಗಿನ ಟಿವಿ ನಿರೂಪಕರು ಅಳಿಸಿಹಾಕುತ್ತಿದ್ದಾರೆ. ಇವರ ಬಾಯಲ್ಲಿ ಸರಿಯಲ್ಲದ್ದೂ ಸರಿಯಿಲ್ಲದ್ದೂ ಒಂದೇ. ಕೆಟ್ಟುಹೋದ ರಸ್ತೆ ಸರಿಯಿಲ್ಲ, ಲಂಚ ತೆಗೆದುಕೊಳ್ಳುವುದು ಸರಿಯಲ್ಲ ಎಂದು ಹಳ್ಳಿಯ ಮಗುವೂ ಬೇರೆ ಮಾಡಿ ಹೇಳುತ್ತಿತ್ತು.) ಹಾಗಾದರೆ ಗಿಡಕ್ಕೆ ಮದ್ದು ಎಂಬ ಬಿರುದು ಕೊಡುವವರು ಯಾರು? ಹಿತ್ತಲು ಬಿಟ್ಟು ದೂರ ಹೋಗಿ, ಅಲ್ಲಿ ಜ್ವರ ಬಂದು ಮಲಗಿ, ಊರಿನ ಎಲೆಯನ್ನು ನೆನೆದವನು. ಗಾದೆ ಅವನ ವಿಷಯ ಹೇಳದೆ ಬಿಟ್ಟಿದೆ. ಅರ್ಧ ಗಾದೆ ಇನ್ನೂ ಹೇಳುವುದಿದೆ ಎಂದೇ ನನಗೆ ಅನಿಸುತ್ತದೆ.

ಪುರಾವೆಗೆ ಮೊದಲು ಪ್ಯಾಟ್ರಿಕ್‌ನನ್ನೇ ತೆಗೆದುಕೊಳ್ಳೋಣ. ಐದನೆಯ ಶತಮಾನದ ಈತ ಐರ್ಲೆಂಡಿನವನೇ ಅಲ್ಲ. ರೋಮನ್ನರ ಬ್ರಿಟನ್ನಿನಲ್ಲಿ ಹುಟ್ಟಿದವನು. ಹದಿನಾರರ ಹೊತ್ತಿಗೆ ಐರಿಷ್ ದಾಳಿಕೋರರು ಹೊತ್ತೊಯ್ದು ಆರು ವರ್ಷ ಗುಲಾಮನಾಗಿ ಇರಿಸಿಕೊಂಡರೆಂದು ಲ್ಯಾಟಿನ್ನಿನಲ್ಲಿ ಅವನೇ ಬರೆದಿಟ್ಟಿದ್ದಾನೆ. ತಪ್ಪಿಸಿಕೊಂಡು ಹೋದವನು ಧರ್ಮಬೋಧಕನಾಗಿ ಅದೇ ನಾಡಿಗೆ ಮರಳಿದ. ಅವನ ಹಬ್ಬ ರೋಮಿನ ಪಂಚಾಂಗ ಸೇರಿದ್ದು ಹದಿನೇಳನೆಯ ಶತಮಾನದಲ್ಲಿ, ರೋಮಿನಲ್ಲಿ ನೆಲೆಸಿದ್ದ ಲ್ಯೂಕ್ ವಾಡಿಂಗ್ ಎಂಬ ಐರಿಷ್ ಪಾದ್ರಿಯ ಪಟ್ಟಿನಿಂದ. ಬಾಸ್ಟನ್ನಿನ ಐರಿಷರು 1737ರಲ್ಲಿ ಆ ದಿನವೇ ಸಂಘ ಕಟ್ಟಿದರು. ನ್ಯೂಯಾರ್ಕಿನ ಮೆರವಣಿಗೆಗೆ 1762ರಿಂದ ಲೆಕ್ಕ ಹಾಕುತ್ತಾರೆ. ಆಗಿನ್ನೂ ಅಮೆರಿಕ ಎಂಬ ದೇಶವೇ ಹುಟ್ಟಿರಲಿಲ್ಲ. ಡಬ್ಲಿನ್ನಿನಲ್ಲಿ ಸರ್ಕಾರಿ ಮೆರವಣಿಗೆ ಹೊರಟದ್ದು ಯಾವಾಗ? 1931ರಲ್ಲಿ. ಅದೂ ಸಪ್ಪೆ ಮೆರವಣಿಗೆ. ಸ್ವತಂತ್ರ ಐರ್ಲೆಂಡ್ ಆ ದಿನ ಹೆಂಡದಂಗಡಿಗಳನ್ನು 1960ರವರೆಗೂ ಮುಚ್ಚಿಸುತ್ತಿತ್ತು. ಕಾನೂನಿನ ಪ್ರಕಾರ ಗುಟುಕು ಸಿಗುತ್ತಿದ್ದ ಜಾಗ ನಾಯಿಗಳ ಪ್ರದರ್ಶನವೊಂದೇ, ಅದಕ್ಕೇ ಊರಿಗೆ ಊರೇ ನಾಯಿಪ್ರೇಮಿಯಾಗಿತ್ತು ಎಂದು ಡಬ್ಲಿನ್ನಿನವರು ಇಂದಿಗೂ ಹೇಳಿ ನಗುತ್ತಾರೆ. ಅದೇ ದಶಕದಲ್ಲಿ, 1962ರಲ್ಲಿ, ಷಿಕಾಗೋದವರು ತಮ್ಮ ನದಿಗೇ ಹಸಿರು ಬಣ್ಣ ಕಲಸಿದರು. ಡಬ್ಲಿನ್ ಇದನ್ನೆಲ್ಲ ದೂರದಿಂದ ನೋಡಿ ಕಲಿತು ದೊಡ್ಡ ಉತ್ಸವ ಆರಂಭಿಸಿದ್ದು 1996ರಲ್ಲಿ. ಕೆರಿಬಿಯನ್ ಸಮುದ್ರದ ಮಾಂಟ್‌ಸೆರಾಟ್ ದ್ವೀಪದ ಕತೆ ಇನ್ನೂ ವಿಚಿತ್ರ. ಅಲ್ಲಿನ ತೋಟಗಳ ಒಡೆಯರಲ್ಲಿ ಐರಿಷರು ಬಹಳ. 1768ರ ಮಾರ್ಚ್ 17ರಂದು ಒಡೆಯರು ಕುಡಿದು ಮೈಮರೆತಿರುತ್ತಾರೆಂದು ಅಲ್ಲಿನ ಗುಲಾಮರು ದಂಗೆಗೆ ಆ ದಿನವನ್ನೇ ಗೊತ್ತು ಮಾಡಿಕೊಂಡಿದ್ದರು. ಗುಟ್ಟು ಮೊದಲೇ ರಟ್ಟಾಗಿ ಹಲವರನ್ನು ಕೊಂದರು. ಈಗ ಆ ದ್ವೀಪಕ್ಕೆ ಪ್ಯಾಟ್ರಿಕ್‌ನ ದಿನ ಸಾರ್ವಜನಿಕ ರಜೆ, ಗುಲಾಮರ ನೆನಪಿಗೆ. ಒಮ್ಮೆ ಗುಲಾಮನಾಗಿದ್ದ ಸಂತನ ಮಟ್ಟಿಗೆ ಇದರಷ್ಟು ಸರಿಯಾದ ಆಚರಣೆ ಬೇರೆ ಕಡೆ ಇಲ್ಲ.

ಆಂಡ್ರ್ಯೂ ಗೆಲಿಲಿಯ ಬೆಸ್ತ, ಯೇಸುವಿನ ಶಿಷ್ಯ. ಸ್ಕಾಟ್ಲೆಂಡಿನ ಸರದಾರರು 1320ರಲ್ಲಿ ಪೋಪರಿಗೆ ಬರೆದ ಅರ್‌ಬ್ರೋತ್ ಪತ್ರದಲ್ಲಿ ಇವನನ್ನು ತಮ್ಮವನೆಂದು ಹೆಸರಿಸಿದ್ದರು. ಆದರೆ 1560ರ ಧರ್ಮಸುಧಾರಣೆ ಸಂತರ ಹಬ್ಬಗಳನ್ನೆಲ್ಲ ಗುಡಿಸಿ ಹೊರಹಾಕಿತು. ಮನೆಯಲ್ಲಿ ಹೀಗೆ ಜಾಗ ಕಳೆದುಕೊಂಡ ಸಂತ ಅಮೆರಿಕದ ಚಾರ್ಲ್ಸ್‌ಟನ್ನಿನಲ್ಲಿ 1729ರಲ್ಲಿ, ನ್ಯೂಯಾರ್ಕಿನಲ್ಲಿ 1756ರಲ್ಲಿ ತನ್ನ ಹೆಸರಿನ ಸಂಘಗಳಲ್ಲಿ ಎದ್ದು ಕೂತ. ಕಲ್ಕತ್ತೆಯ ಸ್ಕಾಟ್ ವ್ಯಾಪಾರಿಗಳಂತೂ ಆಂಡ್ರ್ಯೂ ದಿನವಾದ ನವೆಂಬರ್ 30ರ ರಾತ್ರಿ ಔತಣವಿಟ್ಟು ವೈಸ್‌ರಾಯನನ್ನೇ ಕರೆಯುತ್ತಿದ್ದರು. 1888ರ ಆ ಔತಣದಲ್ಲೇ ಲಾರ್ಡ್ ಡಫರಿನ್ ಎದ್ದು ನಿಂತು, ರಾಜಕೀಯ ಹಕ್ಕು ಕೇಳುವ ಓದಿದ ಭಾರತೀಯರು ಸೂಕ್ಷ್ಮದರ್ಶಕ ಹಿಡಿದು ನೋಡಬೇಕಾದಷ್ಟು ಚಿಕ್ಕ ಗುಂಪು ಎಂದು ಅಣಕಿಸಿದ. ನಮ್ಮ ಇತಿಹಾಸದ ಪುಸ್ತಕಗಳು ಆ ಅಣಕವನ್ನು ತಪ್ಪದೆ ಹೇಳುತ್ತವೆ, ಅದು ಯಾವ ಸಂತನ ಊಟದಲ್ಲಿ ಬಂದ ಮಾತೆಂದು ಹೇಳುವುದು ಕಡಿಮೆ. ಡಫರಿನ್ ಸ್ಕಾಟನೂ ಅಲ್ಲ, ಅಲ್‌ಸ್ಟರಿನ ಐರಿಷ್ ಜಮೀನ್ದಾರರ ಮನೆಯವನು. ತಮಾಷೆಯೆಂದರೆ, ಮುಂದಿನ ತಿಂಗಳೇ ಅಲಹಾಬಾದಿನಲ್ಲಿ ಆ ಚಿಕ್ಕ ಗುಂಪಿನ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷನಾದ ಜಾರ್ಜ್ ಯೂಲ್ ಕಲ್ಕತ್ತೆಯ ಸ್ಕಾಟ್ ವ್ಯಾಪಾರಿ. ಇತ್ತ ಸ್ಕಾಟ್ಲೆಂಡಿನಲ್ಲಿ ಆಂಡ್ರ್ಯೂ ದಿನಕ್ಕೆ ಬ್ಯಾಂಕ್ ರಜೆಯ ಕಾನೂನು ಬಂದದ್ದು 2007ರಲ್ಲಿ. ಅದರಲ್ಲೂ ರಜೆ ಕೊಡಲೇಬೇಕೆಂಬ ಕಡ್ಡಾಯವಿಲ್ಲ. ಊರಲ್ಲಿರುವ ಸ್ಕಾಟರು ಮನಸಾರೆ ಊಟ ಹಾಕಿಸುವುದು ಜನವರಿ 25ರಂದು, ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ದಿನ. ಬರ್ನ್ಸ್ ಪಕ್ಕದ ಹಳ್ಳಿಯವನು. ಅವನಿಗೆ ಮನೆದೇವರಾಗುವ ಅರ್ಹತೆಯಿಲ್ಲ, ಊರದೇವರಾದ.

ಇಂಗ್ಲೆಂಡನ್ನು ಮುಂದಿಟ್ಟು ಆಕ್ಷೇಪ ಎತ್ತಬಹುದು. ನಡುಗಾಲದ ಇಂಗ್ಲೆಂಡಿನಲ್ಲಿ ಜಾರ್ಜ್‌ನ ಹಬ್ಬ ಊರೂರಲ್ಲಿ ವೈಭವದಿಂದ ನಡೆಯುತ್ತಿತ್ತು. ನಾರಿಚ್ ಪಟ್ಟಣದ ಸಂಘ ಡ್ರಾಗನ್ ಗೊಂಬೆಯನ್ನು ಹೊತ್ತು ಮೆರೆಸುತ್ತಿತ್ತು. ಇದು ಮನೆಯಲ್ಲೇ ಬೆಳೆದ ಹಬ್ಬವಲ್ಲವೆ? ಹಬ್ಬವೇನೋ ಮನೆಯಲ್ಲಿ ನಡೆಯಿತು, ಆದರೆ ಸಂತನನ್ನು ಆರಿಸಿದವರು ಮನೆ ಬಿಟ್ಟವರು. ಮನೆಯಲ್ಲೇ ಹುಟ್ಟಿದ ಸಂತರು ಇಂಗ್ಲೆಂಡಿಗೆ ಇದ್ದರು: 869ರಲ್ಲಿ ಡೇನರ ಕೈಯಲ್ಲಿ ಸತ್ತ ಪೂರ್ವ ಆಂಗ್ಲಿಯದ ದೊರೆ ಎಡ್ಮಂಡ್ ಇದ್ದ, ವೆಸ್ಟ್‌ಮಿನ್‌ಸ್ಟರಿನಲ್ಲಿ ಮಲಗಿರುವ ದೊರೆ ಎಡ್ವರ್ಡ್ ಇದ್ದ. ಇಬ್ಬರನ್ನೂ ಹಿಂದೆ ಹಾಕಿ ಪ್ಯಾಲೆಸ್ತೀನಿನ ಲಿಡ್ಡಾದಲ್ಲಿ ಸಮಾಧಿಯಿರುವ, ಇಂಗ್ಲೆಂಡಿನ ಹೆಸರೂ ಕೇಳದ ಸೈನಿಕನೊಬ್ಬ ಗೆದ್ದ. ಅವನ ಕೀರ್ತಿಯನ್ನು ಹೊತ್ತು ತಂದವರು ಧರ್ಮಯುದ್ಧಕ್ಕೆ ಹೋಗಿ ಬಂದವರು, ಅವನ ಹೆಸರು ಕೂಗಿದವರು ಫ್ರಾನ್ಸಿನ ರಣರಂಗದಲ್ಲಿದ್ದ ಸೈನಿಕರು. ಮೂರನೆಯ ಎಡ್ವರ್ಡ್ ಗಾರ್ಟರ್ ಪದವಿಯನ್ನು ಜಾರ್ಜ್‌ನ ಹೆಸರಿನಲ್ಲಿ ಕಟ್ಟಿದ್ದು ಅದೇ ಫ್ರೆಂಚ್ ಯುದ್ಧದ ನಡುವೆ. ಜಾರ್ಜ್‌ನ ಹಬ್ಬವನ್ನು ಮೇಲಿನ ದರ್ಜೆಗೆ ಏರಿಸಿದ್ದು 1415ರಲ್ಲಿ, ಅಜಿನ್‌ಕೋರ್ಟಿನ ಗೆಲುವು ಕಂಡ ವರ್ಷ. ಆಮೇಲೆ ಇಂಗ್ಲಿಷರು ಅರ್ಧ ಲೋಕದ ಒಡೆಯರಾದಾಗ ಜಾರ್ಜ್‌ನ ದಿನವಾದ ಏಪ್ರಿಲ್ 23 ಮನೆಯಲ್ಲಿ ಮಂಕಾಯಿತು. ಒಡೆಯನನ್ನು ನೀವು ಎಲ್ಲಿಯವರು ಎಂದು ಯಾರೂ ಕೇಳುವುದಿಲ್ಲ. ಆದರೆ ನ್ಯೂಯಾರ್ಕಿನಲ್ಲಿ ಕೈ ಬರಿದಾದ ಇಂಗ್ಲಿಷರಿಗೆ ನೆರವಾಗಲು 1770ರಲ್ಲಿ ಸಂಘ ಹುಟ್ಟಿದಾಗ ಅದಕ್ಕಿಟ್ಟದ್ದು ಜಾರ್ಜ್‌ನ ಹೆಸರೇ. ಇಂದಿಗೂ ಇಂಗ್ಲೆಂಡಿನಲ್ಲಿ ಆ ದಿನಕ್ಕೆ ರಜೆಯಿಲ್ಲ. ನಾಲ್ಕು ಸಂತರ ದಿನಗಳಿಗೂ ರಜೆ ಕೊಡುತ್ತೇವೆಂದು 2017ರ ಚುನಾವಣೆಯಲ್ಲಿ ಲೇಬರ್ ಪಕ್ಷ ಮಾತು ಕೊಟ್ಟು ಸೋತಿತು.

ನನ್ನ ವಾದ ಕುಂಟುವ ಜಾಗ ವೇಲ್ಸ್. ನಾಲ್ವರಲ್ಲಿ ತನ್ನ ಜನರ ನಡುವೆಯೇ ಹುಟ್ಟಿ ಅಲ್ಲೇ ಸತ್ತವನು ಡೇವಿಡ್ ಒಬ್ಬನೇ. ಅವನು ಉಪದೇಶಕ್ಕೆ ನಿಂತಾಗ ಎಲ್ಲರಿಗೂ ಕಾಣಲೆಂದು ಕಾಲಡಿಯ ನೆಲ ಎದ್ದು ಗುಡ್ಡವಾಯಿತೆಂದು ಪುರಾಣ. ಗುಡ್ಡಗಳೇ ತುಂಬಿದ ನಾಡಿನಲ್ಲಿ ಇದಕ್ಕಿಂತ ಅನಗತ್ಯವಾದ ಪವಾಡ ಇನ್ನೊಂದಿಲ್ಲವೆಂದು ವೇಲ್ಸ್‌ನ ಇತಿಹಾಸಕಾರರೊಬ್ಬರೇ ಹಾಸ್ಯ ಮಾಡಿದ್ದಾರೆ. ಅವರ ಭಾಷೆಯಲ್ಲಿ ಇವನು ದೆವಿ ಸಂತ್. ಸಂತ ಎಂಬುದು ಅಲ್ಲಿಗೂ ಇಲ್ಲಿಗೂ ಒಂದೇ ಎಂದು ಕುಣಿಯುವವರು ಕುಣಿಯಲಿ. ಅವರದು ಲ್ಯಾಟಿನ್ನಿನಿಂದ ಬಂದದ್ದು, ನಮ್ಮದು ಸಂಸ್ಕೃತದಿಂದ. ದನಿ ಕೂಡಿದ್ದು ಆಕಸ್ಮಿಕ. ಡೇವಿಡ್ ದಿನವಾದ ಮಾರ್ಚ್ 1ರಂದು ವೇಲ್ಸ್‌ನ ಶಾಲೆಗಳಲ್ಲಿ ಹುಡುಗಿಯರು ಎತ್ತರದ ಕಪ್ಪು ಟೋಪಿ ತೊಟ್ಟು, ಮಕ್ಕಳೆಲ್ಲ ಡ್ಯಾಫೊಡಿಲ್ ಹೂವನ್ನೋ ಲೀಕ್ ಎಂಬ ಈರುಳ್ಳಿ ಜಾತಿಯ ಸೊಪ್ಪನ್ನೋ ಎದೆಗೆ ಸಿಕ್ಕಿಸಿಕೊಂಡು ಹಾಡುತ್ತಾರೆ. ವೇಲ್ಸ್‌ನವರ ಸಂಘ ಲಂಡನ್ನಿನಲ್ಲಿ 1715ರ ಡೇವಿಡ್ ದಿನದಂದು ಹುಟ್ಟಿತು ಎಂದು ತೋರಿಸಿ ನುಣುಚಿಕೊಳ್ಳಬಹುದು. ಆದರೆ ಈ ಹಬ್ಬ ಮನೆಯಲ್ಲೂ ಜೀವಂತವಾಗಿರುವುದು ನಿಜ. ಇದಕ್ಕೆ ನನ್ನ ಉತ್ತರ ಬೇರೆ. ವೆಲ್ಷ್ ಎಂಬ ಹೆಸರು ಅವರು ಇಟ್ಟುಕೊಂಡದ್ದಲ್ಲ. ಇಂಗ್ಲಿಷರ ಹಳೆಯ ಮಾತಿನಲ್ಲಿ ಅದಕ್ಕೆ ಪರಕೀಯರು ಎಂಬ ಅರ್ಥವಿತ್ತು. ಅವರು ತಮ್ಮನ್ನು ಕರೆದುಕೊಳ್ಳುವುದು ಕಮ್ರಿ, ಎಂದರೆ ಒಂದೇ ನಾಡಿನವರು. 1535 ಮತ್ತು 1542ರ ನಡುವಿನ ಕಾನೂನುಗಳು ಅವರ ನಾಡನ್ನು ಇಂಗ್ಲೆಂಡಿನೊಳಗೆ ಸೇರಿಸಿಕೊಂಡವು. ಅದರಿಂದಲೇ ಬ್ರಿಟನ್ನಿನ 1606ರ ಬಾವುಟದಲ್ಲಿ ಜಾರ್ಜ್ ಮತ್ತು ಆಂಡ್ರ್ಯೂ ಶಿಲುಬೆಗಳು, 1801ರಲ್ಲಿ ಪ್ಯಾಟ್ರಿಕ್‌ನದು ಸೇರಿದರೂ ಡೇವಿಡ್‌ನದು ಇಂದಿಗೂ ಇಲ್ಲ. ಡೇವಿಡ್ ದಿನಕ್ಕೆ ರಜೆ ಬೇಕೆಂದು ಅವರ ವಿಧಾನಸಭೆ 2000ದಲ್ಲಿ ಒಕ್ಕೊರಲಿನಿಂದ ಕೇಳಿದಾಗ ಆಗದು ಎಂದದ್ದು ಲಂಡನ್. ಊರು ಬಿಡದೆಯೇ ಪರಊರಿನವರಾದ ಜನ ಮನೆದೇವರನ್ನು ನೆಚ್ಚಿದರೆ ಅದು ನನ್ನ ವಾದಕ್ಕೆ ವಿರೋಧವಲ್ಲ.

ಇನ್ನೊಂದು ಆಕ್ಷೇಪ ಪದದ ಮೇಲೆಯೇ ಬರುತ್ತದೆ: ಕ್ರೈಸ್ತರಿಗೆ ಸಂತ ದೇವರಲ್ಲ, ಅವನನ್ನು ಮನೆದೇವರು ಎಂದರೆ ಅಪಚಾರ. ಪೂಜೆಯ ಮಾತಾಗಿದ್ದರೆ ಒಪ್ಪುತ್ತಿದ್ದೆ. ಚರ್ಚಿನ ಬರಹದಲ್ಲಿ ಪಾಲಕ ಸಂತ ಎಂದೇ ಇರಲಿ. ನಾನು ಹೇಳುತ್ತಿರುವುದು ಹಸಿರು ಟೋಪಿಯ, ಲೀಕ್ ಸೊಪ್ಪಿನ, ಕಲ್ಕತ್ತೆಯ ಔತಣದ ಸಂತನ ವಿಷಯ. ಬಾಸ್ಟನ್ನಿನಲ್ಲಿ ಪ್ಯಾಟ್ರಿಕ್‌ನ ಹೆಸರಿನಲ್ಲಿ ಸಂಘ ಕಟ್ಟಿದವರು ಬಹುಪಾಲು ಪ್ರಾಟೆಸ್ಟಂಟರು, ಸಂತರಿಗೆ ಮೊರೆಯಿಡುವುದನ್ನೇ ಒಪ್ಪದವರು. ಅವರಿಗೆ ಬೇಕಾಗಿದ್ದುದು ಪ್ರಾರ್ಥನೆಗೆ ಒಬ್ಬ ಸಂತನಲ್ಲ, ಎಲ್ಲಿಯವರು ಎಂದು ಕೇಳಿದವರಿಗೆ ಹೇಳಲು ಒಂದು ಹೆಸರು. ಹಬ್ಬ ಚರ್ಚಿನದು, ರಾಷ್ಟ್ರೀಯ ದಿನ ವಲಸೆಗಾರನದು. ಎರಡೂ ಒಂದೇ ತಾರೀಕಿಗೆ ಬೀಳುವುದರಿಂದ ನಾವು ಅವನ್ನು ಒಂದೆಂದು ತಿಳಿದಿದ್ದೇವೆ.

ಏಪ್ರಿಲ್ 23ನ್ನು ಬ್ರಿಟನ್ನಿನ ರಾಷ್ಟ್ರೀಯ ದಿನ ಎಂದು ಬರೆಯುವವರಿಗೆ ಕೊನೆಯದಾಗಿ ಒಂದು ಮಾತು. ಅದು ಇಂಗ್ಲೆಂಡಿನದು, ಬ್ರಿಟನ್ನಿನದಲ್ಲ. ಇಂಗ್ಲೆಂಡ್ ಎಂದು ಬರೆಯಬೇಕಾದಲ್ಲಿ ಬ್ರಿಟನ್, ಬ್ರಿಟನ್ ಎಂದು ಬರೆಯಬೇಕಾದಲ್ಲಿ ಇಂಗ್ಲೆಂಡ್ ಎಂದು ಬರೆಯುವುದು ಇನ್ನೂರು ವರ್ಷ ಅವರ ಕೈಕೆಳಗಿದ್ದೂ ನಮಗೆ ಬಿಡದ ಚಾಳಿ. ಇಡೀ ಬ್ರಿಟನ್ನಿಗೆ ಕಾನೂನಿನಲ್ಲಿ ಗೊತ್ತಾದ ರಾಷ್ಟ್ರೀಯ ದಿನವೇ ಇಲ್ಲ. ದೊರೆಯ ಅಧಿಕೃತ ಹುಟ್ಟುಹಬ್ಬಕ್ಕೆ ಜೂನಿನಲ್ಲಿ ಲಂಡನ್ನಿನ ಸೈನಿಕರು ಕವಾಯತು ಮಾಡುತ್ತಾರೆ, ಜನ ನೋಡಿ ಮನೆಗೆ ಹೋಗುತ್ತಾರೆ. ಅದನ್ನೇ ರಾಷ್ಟ್ರೀಯ ದಿನವೆಂದು ಹಿಡಿದು ಅತಿಥಿಗಳನ್ನು ಕರೆದು ಗ್ಲಾಸು ಎತ್ತುವವರು ಹೊರದೇಶಗಳಲ್ಲಿರುವ ಬ್ರಿಟಿಷ್ ರಾಯಭಾರ ಕಚೇರಿಗಳವರು.